ನೀಲಿ ವೈರಿನ ಕೆಲಸವೇನು: ಪವರ್ ಆಂಟೆನಾ ಇರುವ ಕಾರಿಗೆ ಹೊಸ ಸ್ಟೀರಿಯೊ ಕೂಡಿಸುವುದು

ರೇಡಿಯೊ ಹಾಕಿದೊಡನೆ ಕಾರಿನ ಹಿಂಬದಿಯಿಂದ ಗುಂಯ್ ಎಂಬ ಸದ್ದು ಹೊರಟು, ಡಿಕ್ಕಿಯ ಪಕ್ಕದ ಫೆಂಡರಿನ ಮೇಲಿನ ಸಣ್ಣ ತೂತಿನಿಂದ ಹೊಳಪಿನ ಕಡ್ಡಿಯೊಂದು ಹಂತಹಂತವಾಗಿ ಬಿಚ್ಚಿಕೊಳ್ಳುತ್ತ ಮೇಲೇಳುವುದನ್ನು 1980 ಮತ್ತು 90ರ ದಶಕದ ದೊಡ್ಡ ಕಾರುಗಳಲ್ಲಿ ಕೂತವರು ಮರೆತಿರಲಾರರು. ರೇಡಿಯೊ ಆರಿಸಿದರೆ ಅಥವಾ ಕೀ ತೆಗೆದರೆ ಕಡ್ಡಿ ಅದೇ ಸದ್ದಿನೊಂದಿಗೆ ಒಳಗಿಳಿದು, ತುದಿಯ ಗುಂಡಿಯೊಂದನ್ನು ಮಾತ್ರ ಹೊರಗೆ ಬಿಟ್ಟು ಕೂತುಬಿಡುತ್ತಿತ್ತು. ಇದೇ ಪವರ್ ಆಂಟೆನಾ. ಲೆಕ್ಸಸ್ ಎಲ್‌ಎಸ್ 400, ಹೋಂಡಾ ಅಕಾರ್ಡ್, ಟೊಯೋಟಾ ಕ್ಯಾಮ್ರಿ ಮುಂತಾದ ಕಾರುಗಳಲ್ಲಿ ಇದು ಸಾಮಾನ್ಯವಾಗಿತ್ತು. ಗಲ್ಫಿನಲ್ಲಿ ದುಡಿದು ಬಂದ ಕರಾವಳಿಯ ಅನೇಕರಿಗೆ ಇದರ ಪರಿಚಯ ಚೆನ್ನಾಗಿಯೇ ಇದೆ. ಮರ್ಸಿಡಿಸ್ ಬೆಂಜ್ ಭಾರತದಲ್ಲಿ ಮೊದಲು ಜೋಡಿಸಿದ, 1995ರಲ್ಲಿ ಪುಣೆಯಿಂದ ಹೊರಬಂದ ಡಬ್ಲ್ಯು124 ಮಾದರಿಗೂ ಇಂಥ ಆಂಟೆನಾ ಇರುತ್ತಿತ್ತು.

ಈ ಕಾರುಗಳು ಈಗ ಹಳೆಯ ಕಾರುಗಳ ಮೇಲೆ ಪ್ರೀತಿ ಇಟ್ಟವರ ಕೈಯಲ್ಲಿವೆ. ಎಂಜಿನ್ನು ಗಟ್ಟಿಯಾಗಿದ್ದರೂ ಕ್ಯಾಸೆಟ್ಟಿನ ಸೆಟ್ಟು ಯಾವತ್ತೋ ಮೂಕವಾಗಿರುತ್ತದೆ. ಬ್ಲೂಟೂತ್ ಮತ್ತು ಯುಎಸ್‌ಬಿ ಇರುವ ಹೊಸ ಸ್ಟೀರಿಯೊ ತಂದು ಕೂಡಿಸುವುದು ಸಹಜ. ಅರ್ಧ ದಿನದಲ್ಲಿ ಹಾಡೂ ಬರುತ್ತದೆ. ಆದರೆ ಆಂಟೆನಾ ಮಾತ್ರ ಮೇಲೇಳುವುದಿಲ್ಲ, ಇಲ್ಲವೇ ಎದ್ದದ್ದು ಇಳಿಯುವುದಿಲ್ಲ, ಇಲ್ಲವೇ ರಾತ್ರಿಯಿಡೀ ಗೊರಗೊರ ಎಂದು ಬೆಳಗಾಗುವುದರೊಳಗೆ ಬ್ಯಾಟರಿಯನ್ನು ಬರಿದು ಮಾಡುತ್ತದೆ. ಮೋಟಾರು ಹೋಗಿದೆ ಎಂದು ಮೆಕ್ಯಾನಿಕ್ ಹೇಳಿದರೂ ಬಹಳಷ್ಟು ಸಲ ಮೋಟಾರು ಹೋಗಿರುವುದಿಲ್ಲ. ಸೆಟ್ಟಿನ ಹಿಂದಿನಿಂದ ಬರುವ ನೀಲಿ ವೈರಿನ ಕೆಲಸ ಏನೆಂಬುದು ಕೂಡಿಸಿದವರಿಗೆ ತಿಳಿದಿರುವುದಿಲ್ಲ, ಅಷ್ಟೇ. ಆ ವೈರು ಅಪ್ಪಣೆಯನ್ನು ಒಯ್ಯುವುದೇ ಹೊರತು ಮೋಟಾರು ತಿರುಗಲು ಬೇಕಾದ ಕರೆಂಟನ್ನಲ್ಲ. ಈ ಒಂದು ವ್ಯತ್ಯಾಸವನ್ನು ಹಿಡಿದುಕೊಂಡರೆ ಉಳಿದ ವೈರಿಂಗ್ ತಾನಾಗಿ ಅರ್ಥವಾಗುತ್ತದೆ.

ಕಡ್ಡಿ ಏಕೆ ಅಷ್ಟೆತ್ತರ ಏಳಬೇಕು

ಎಫ್‌ಎಂ ರೇಡಿಯೊ 87.5ರಿಂದ 108 ಮೆಗಾಹರ್ಟ್ಸ್‌ವರೆಗಿನ ಅಲೆಗಳಲ್ಲಿ ಬರುತ್ತದೆ. ಬೆಂಗಳೂರಿನ ಎಫ್‌ಎಂ ರೈನ್‌ಬೋ 101.3 ಮೆಗಾಹರ್ಟ್ಸ್‌ನಲ್ಲಿದೆ, ಆ ಅಲೆಯ ಉದ್ದ 3 ಮೀಟರಿಗೆ ತುಸು ಕಡಿಮೆ. ಲೋಹದ ಮೈಮೇಲೆ ನಿಂತ ಕಡ್ಡಿ ಅಲೆಯ ಉದ್ದದ ಕಾಲು ಭಾಗದಷ್ಟಿದ್ದರೆ ಅದನ್ನು ಚೆನ್ನಾಗಿ ಹಿಡಿಯುತ್ತದೆ, ಅಂದರೆ ಸುಮಾರು 74 ಸೆಂಟಿಮೀಟರ್. ಪೂರ್ತಿ ಬಿಚ್ಚಿದ ಪವರ್ ಆಂಟೆನಾ ಹೆಚ್ಚುಕಡಿಮೆ ಇದೇ ಅಳತೆಯದು. ಕಡ್ಡಿ ಒಳಗೇ ಉಳಿದರೂ ಊರೊಳಗೆ, ಪ್ರಸಾರದ ಗೋಪುರ ಹತ್ತಿರವಿರುವಲ್ಲಿ, ಹಾಡು ಕೇಳಿಸುತ್ತದೆ. ಹೆದ್ದಾರಿ ಹಿಡಿದು ದೂರ ಹೋದಂತೆ ಸ್ಟೀರಿಯೊ ಸದ್ದು ಮೊದಲು ಮೊನೊ (ಎರಡೂ ಬದಿಗೆ ಒಂದೇ ಸದ್ದು) ಆಗುತ್ತದೆ, ಆಮೇಲೆ ಬರೀ ಸುಯ್ಲು.

ಮೀಡಿಯಂ ವೇವ್‌ನ ಲೆಕ್ಕ ಬೇರೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಅಲೆಯ ಉದ್ದ 490 ಮೀಟರ್. ಅದರ ಕಾಲು ಭಾಗ 122 ಮೀಟರ್. ಶ್ರವಣಬೆಳಗೊಳದ 57 ಅಡಿಯ ಗೊಮ್ಮಟನನ್ನು ಒಬ್ಬನ ಮೇಲೊಬ್ಬನಂತೆ ಏಳು ಸಲ ನಿಲ್ಲಿಸಿದಷ್ಟು ಎತ್ತರದ ಆಂಟೆನಾವನ್ನು ಯಾವ ಕಾರೂ ಹೊರಲಾರದು. ಆದ್ದರಿಂದ ಮೀಡಿಯಂ ವೇವ್‌ನಲ್ಲಿ ಕಾರಿನ ಕಡ್ಡಿ ಯಾವತ್ತೂ ಗಿಡ್ಡವೇ, ಅದು ಹಿಡಿಯುವ ಸಂಕೇತ ಬಹಳ ಕ್ಷೀಣ. ಆ ಕ್ಷೀಣ ಸಂಕೇತ ದಾರಿಯಲ್ಲಿ ಸೋರಿಹೋಗದಿರಲೆಂದೇ ಕಾರಿನ ಆಂಟೆನಾ ಕೇಬಲ್ಲನ್ನು ಕಡಿಮೆ ಕೆಪಾಸಿಟೆನ್ಸ್ (ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಗುಣ) ಇರುವಂತೆ ವಿಶೇಷವಾಗಿ ಮಾಡಿರುತ್ತಾರೆ. ಕೇಬಲ್ ತುಂಡಾಗಿದೆಯೆಂದು ನಡುವೆ ಟಿವಿ ಕೇಬಲ್ ಸೇರಿಸಿದರೆ ಎಫ್‌ಎಂ ಹೇಗೋ ನಡೆದೀತು, ಮೀಡಿಯಂ ವೇವ್ ಮಾತ್ರ ಸೊರಗುತ್ತದೆ. ಕಡ್ಡಿಯ ಬುಡವೂ ಕಾರಿನ ಮೈಗೆ ಲೋಹಕ್ಕೆ ಲೋಹ ತಾಗುವಂತೆ ಕೂತಿರಬೇಕು. ನಡುವೆ ಬಣ್ಣವೋ ತುಕ್ಕೋ ಇದ್ದರೆ ಎಂಜಿನ್ನಿನ ಕಿರುಗುಟ್ಟುವಿಕೆಯೆಲ್ಲ ಸ್ಪೀಕರಿನಲ್ಲಿ ಕೇಳಿಸತೊಡಗುತ್ತದೆ.

ಫೆಂಡರಿನ ಒಳಗಿರುವುದು

ಡಿಕ್ಕಿಯ ಪಕ್ಕದ ಹೊದಿಕೆಯನ್ನು ಬಿಚ್ಚಿದರೆ ಒಂದು ಉದ್ದ ಕೊಳವೆ, ಅದರ ಬುಡದಲ್ಲಿ ತಟ್ಟೆಯಾಕಾರದ ಡಬ್ಬಿ, ಅದಕ್ಕೆ ಅಂಟಿಕೊಂಡ ಪುಟ್ಟ ಮೋಟಾರು ಕಾಣುತ್ತವೆ. ಕಡ್ಡಿಯ ತುದಿಯ ಭಾಗಕ್ಕೆ ಒಳಗಿನಿಂದ ಹಲ್ಲುಳ್ಳ ನೈಲಾನ್ ಎಳೆಯೊಂದನ್ನು ಕೂಡಿಸಿರುತ್ತಾರೆ. ಮೋಟಾರಿನ ಗೇರು ಆ ಹಲ್ಲುಗಳನ್ನು ಹಿಡಿದು ಎಳೆಯನ್ನು ಮೇಲಕ್ಕೆ ದೂಡಿದಾಗ ಕಡ್ಡಿ ಬಿಚ್ಚಿಕೊಳ್ಳುತ್ತದೆ, ಹಿಂದಕ್ಕೆಳೆದಾಗ ಮಡಚಿಕೊಳ್ಳುತ್ತದೆ. ಎಳೆ ಆ ಡಬ್ಬಿಯೊಳಗೆ ಸುರುಳಿ ಸುತ್ತಿಕೊಳ್ಳುತ್ತದೆ. ತುದಿ ಮುಟ್ಟಿದ್ದು ಮೋಟಾರಿಗೆ ಹೇಗೆ ತಿಳಿಯುತ್ತದೆ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ: ಕೆಲವದರಲ್ಲಿ ಸ್ವಿಚ್ಚು, ಕೆಲವದರಲ್ಲಿ ಜಾರುವ ಕ್ಲಚ್ಚು, ಕೆಲವದರಲ್ಲಿ ಕರೆಂಟು ಏರಿದ್ದನ್ನು ಗುರುತಿಸುವ ಸರ್ಕ್ಯೂಟು.

ಈ ಡಬ್ಬಿಗೆ ಆಂಟೆನಾ ಕೇಬಲ್ಲಿನ ಜೊತೆ ಸಾಮಾನ್ಯವಾಗಿ ಮೂರು ವೈರುಗಳು ಬರುತ್ತವೆ. ಒಂದು ಬ್ಯಾಟರಿಯಿಂದ ನೇರವಾಗಿ, ಫ್ಯೂಸಿನ ಮೂಲಕ, ಕೀ ಇರಲಿ ಬಿಡಲಿ ಸದಾ 12 ವೋಲ್ಟ್ ಒದಗಿಸುವುದು. ಇನ್ನೊಂದು ಅರ್ಥ್, ಅಂದರೆ ಕಾರಿನ ಲೋಹದ ಮೈಗೆ ಸೇರುವುದು. ಮೂರನೆಯದು ಸೆಟ್ಟಿನಿಂದ ಬರುವ ಅಪ್ಪಣೆಯ ವೈರು. ಅದರಲ್ಲಿ 12 ವೋಲ್ಟ್ ಬಂದರೆ ಒಳಗಿನ ರಿಲೇ, ಅಂದರೆ ಸಣ್ಣ ಕರೆಂಟಿನ ಅಪ್ಪಣೆಯಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು, ಮೋಟಾರನ್ನು ಒಂದು ದಿಕ್ಕಿಗೆ ತಿರುಗಿಸುತ್ತದೆ. ಆ 12 ವೋಲ್ಟ್ ಇಲ್ಲವಾದರೆ ಇನ್ನೊಂದು ದಿಕ್ಕಿಗೆ. ಇಳಿ ಎಂದು ಹೇಳಲು ಬೇರೆ ವೈರಿಲ್ಲ. ಏಳು ಎಂಬ ಮಾತು ನಿಂತರೆ ಇಳಿ ಎಂದೇ ಅರ್ಥ.

ಕಡ್ಡಿ ಇಳಿಯಬೇಕಾದದ್ದು ರೇಡಿಯೊ ಆರಿದ ಮೇಲೆ, ಬಹುಪಾಲು ಕೀ ತೆಗೆದ ಮೇಲೆ. ಆ ಹೊತ್ತಿನಲ್ಲೂ ಮೋಟಾರಿಗೆ ಕರೆಂಟು ಸಿಗುತ್ತಿರಬೇಕು, ಆದ್ದರಿಂದಲೇ ಸದಾ ಇರುವ 12 ವೋಲ್ಟ್. ನನ್ನ ಹಳೆಯ ಕಾರಿಗೆ ಸೆಟ್ಟು ಕೂಡಿಸಿದ ಅಂಗಡಿಯಲ್ಲಿ ಈ ವೈರನ್ನು, ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಆಕ್ಸೆಸರಿ ಲೈನಿಗೆ ಸೇರಿಸಿಬಿಟ್ಟಿದ್ದರು. ಕೀ ತಿರುಗಿಸಿದಾಗ ಕಡ್ಡಿ ಚೆಂದವಾಗಿ ಏಳುತ್ತಿತ್ತು. ಕೀ ತೆಗೆದ ಕ್ಷಣ ಮೋಟಾರಿನ ಅನ್ನವೇ ನಿಂತುಹೋಗುತ್ತಿದ್ದರಿಂದ ಹಾಗೇ ನಿಂತಿರುತ್ತಿತ್ತು. ಮೋಟಾರು ಕೆಟ್ಟಿದೆಯೆಂದು ನಂಬಿ ಇಡೀ ಆಂಟೆನಾ ಬದಲಾಯಿಸಿದೆ. ಹೊಸದೂ ಇಳಿಯಲಿಲ್ಲ. ಒಂದು ಭಾನುವಾರ ವೋಲ್ಟ್ ಅಳೆಯುವ ಮಲ್ಟಿಮೀಟರು ಹಿಡಿದು ಡಿಕ್ಕಿಯಲ್ಲಿ ತಲೆ ತೂರಿಸಿ ಕೂತಾಗ ತಿಳಿದ ಸಂಗತಿಗೆ ಅಷ್ಟರಲ್ಲಿ ಒಂದು ಆಂಟೆನಾದ ಬೆಲೆ ತೆತ್ತಾಗಿತ್ತು.

ನೀಲಿ, ಮತ್ತು ಬಿಳಿ ಗೆರೆಯ ನೀಲಿ

ಹೊಸ ಸ್ಟೀರಿಯೊಗಳ ವೈರುಗಳ ಬಣ್ಣಕ್ಕೆ ಬಹುತೇಕ ಎಲ್ಲ ಕಂಪನಿಗಳೂ ಒಪ್ಪಿಕೊಂಡ ರೂಢಿಯಿದೆ. ಹಳದಿ ಸದಾ ಇರುವ ಬ್ಯಾಟರಿ, ಕೆಂಪು ಕೀ ತಿರುಗಿಸಿದಾಗ ಬರುವ ಆಕ್ಸೆಸರಿ, ಕಪ್ಪು ಅರ್ಥ್. ಬಿಳಿ, ಬೂದು, ಹಸಿರು, ನೇರಳೆ ವೈರುಗಳು ನಾಲ್ಕು ಸ್ಪೀಕರುಗಳವು. ಅದೇ ಬಣ್ಣದ ಮೇಲೆ ಕಪ್ಪು ಗೆರೆಯಿದ್ದರೆ ಅದು ಆ ಸ್ಪೀಕರಿನ ನೆಗೆಟಿವ್. ನೀಲಿ ಪವರ್ ಆಂಟೆನಾಕ್ಕೆ. ಬಿಳಿ ಗೆರೆಯ ನೀಲಿ ಹೊರಗಿನ ಆಂಪ್ಲಿಫೈಯರನ್ನು ಎಬ್ಬಿಸಲಿಕ್ಕೆ.

ಎರಡು ನೀಲಿಗಳಲ್ಲಿ ಎಡವುವವರು ಬಹಳ. ಎರಡೂ ಇರುವ ಸೆಟ್ಟಿನಲ್ಲಿ ಬರೀ ನೀಲಿಯಲ್ಲಿ 12 ವೋಲ್ಟ್ ಬರುವುದು ಸಾಮಾನ್ಯವಾಗಿ ರೇಡಿಯೊ ಕೇಳುವಾಗ ಮಾತ್ರ; ಬಿಳಿ ಗೆರೆಯ ನೀಲಿಯಲ್ಲಿ ಸೆಟ್ಟು ಚಾಲೂ ಇರುವಷ್ಟು ಹೊತ್ತೂ ಇರುತ್ತದೆ. ಆಂಪ್ಲಿಫೈಯರನ್ನು ಬರೀ ನೀಲಿಗೆ ಕೂಡಿಸಿದರೆ ರೇಡಿಯೊ ಅದ್ಭುತವಾಗಿ ಹಾಡಿ, ಬ್ಲೂಟೂತಿಗೆ ಬದಲಾಯಿಸಿದ ಕೂಡಲೇ ಸದ್ದು ಅಡಗುತ್ತದೆ. ಆಂಟೆನಾವನ್ನು ಗೆರೆಯ ನೀಲಿಗೆ ಕೂಡಿಸಿದರೆ ಅನಾಹುತವೇನಿಲ್ಲ, ಫೋನಿನಿಂದ ಹಾಡು ಕೇಳುವಾಗಲೂ ಕಡ್ಡಿ ಹೊರಗೆ ನಿಂತಿರುತ್ತದೆ, ಅಷ್ಟೇ. ಈಚಿನ ಅಗ್ಗದ ಸೆಟ್ಟುಗಳಲ್ಲಿ ಎರಡೂ ಕೆಲಸಕ್ಕೆ ಒಂದೇ ವೈರು ಇರುವುದು ಸಾಮಾನ್ಯ. ಅಂಥದರಲ್ಲಿ ಆಂಟೆನಾಕ್ಕೆ ಹೋಗುವ ಕವಲಿನ ನಡುವೆ ಡ್ಯಾಶ್‌ಬೋರ್ಡಿನ ಕೆಳಗೆ ಚಿಕ್ಕದೊಂದು ಸ್ವಿಚ್ಚು ಕೂಡಿಸಿಕೊಳ್ಳುವುದು ಒಳ್ಳೆಯದು. ನೆಲಮಾಳಿಗೆಯ ತಗ್ಗು ಚಾವಣಿಯ ಪಾರ್ಕಿಂಗಿಗೆ ಇಳಿಯುವಾಗ ಹಾಡು ನಿಲ್ಲಿಸದೆ ಕಡ್ಡಿಯನ್ನಷ್ಟೇ ಒಳಗೆ ಕರೆದುಕೊಳ್ಳಬಹುದು.

ಇನ್ನು ಈ ವೈರಿನ ತ್ರಾಣದ ವಿಷಯ. ಪಯೊನೀರ್ ಸೆಟ್ಟುಗಳ ಕೈಪಿಡಿಯಲ್ಲಿ ಈ ವೈರಿನಿಂದ ಹೆಚ್ಚೆಂದರೆ 300 ಮಿಲಿಆಂಪಿಯರ್ ತೆಗೆಯಬಹುದೆಂದು ಬರೆದಿರುತ್ತದೆ; ಇನ್ನು ಕೆಲವು ಸೆಟ್ಟುಗಳಲ್ಲಿ ಮಿತಿ 100 ಮಾತ್ರ. ಆಂಟೆನಾದ ಮೋಟಾರು ತಿರುಗುವಾಗ ಕೆಲವು ಆಂಪಿಯರ್‌ಗಳನ್ನೇ ಎಳೆಯುತ್ತದೆ, ಕಡ್ಡಿ ಸಿಕ್ಕಿಕೊಂಡರೆ ಇನ್ನೂ ಹೆಚ್ಚು. ಅಂದರೆ ವೈರು ತಾಳುವುದಕ್ಕಿಂತ ಹತ್ತಿಪ್ಪತ್ತು ಪಟ್ಟು. ನೀಲಿ ವೈರನ್ನು ನೇರವಾಗಿ ಮೋಟಾರಿಗೆ ಕಟ್ಟಿದರೆ ಸೆಟ್ಟಿನೊಳಗಿನ ಸಣ್ಣ ಟ್ರಾನ್ಸಿಸ್ಟರು ಸುಟ್ಟುಹೋಗುತ್ತದೆ. ಸೆಟ್ಟಿನ ಹಿಂದಿನ ಫ್ಯೂಸು 10 ಅಥವಾ 15 ಆಂಪಿಯರಿನದಾದ್ದರಿಂದ ಅದಕ್ಕೆ ಈ ಸಾವಿನ ಸುದ್ದಿಯೇ ಮುಟ್ಟುವುದಿಲ್ಲ. ಸೆಟ್ಟು ಮೊದಲಿನಂತೆಯೇ ಬೆಳಗುತ್ತದೆ, ಹಾಡುತ್ತದೆ. ಆದ್ದರಿಂದ ಯಾರಿಗೂ ಅದರ ಮೇಲೆ ಅನುಮಾನ ಬರುವುದಿಲ್ಲ. ಇದೇ ಕಾರಣಕ್ಕೆ, ಆಂಟೆನಾ ಇಲ್ಲದ ಕಾರಿನಲ್ಲೂ ನೀಲಿ ವೈರಿನ ತುದಿಯನ್ನು ಬೋಳಾಗಿ ಬಿಡದೆ ಮುಚ್ಚಬೇಕು. ಅದು ಡ್ಯಾಶ್‌ಬೋರ್ಡಿನೊಳಗಿನ ತಗಡಿಗೆ ತಾಗಿದರೂ ಗತಿ ಅದೇ.

ಬಣ್ಣಕ್ಕೆ ಬಣ್ಣ ಕೂಡಿಸಬಾರದು

ಹೊಸ ಸೆಟ್ಟಿನ ಬಣ್ಣಗಳ ರೂಢಿಗೂ ಕಾರು ತಯಾರಕರು ಬಳಸುವ ಬಣ್ಣಗಳಿಗೂ ಸಂಬಂಧವಿಲ್ಲ. 90ರ ದಶಕದ ಟೊಯೋಟಾ ಕಾರುಗಳ ಸೆಟ್ಟಿನ ಕಪ್ಲರಿನಲ್ಲಿ (ವೈರುಗಳೆಲ್ಲ ಒಟ್ಟಾಗಿ ಬಂದು ಸೇರುವ ಪ್ಲಗ್ಗು) ಹಳದಿ ಗೆರೆಯ ನೀಲಿ ವೈರು ಸದಾ ಇರುವ ಬ್ಯಾಟರಿ, ಬೂದು ಆಕ್ಸೆಸರಿ, ಕಂದು ಅರ್ಥ್. ಹೊಸ ಸೆಟ್ಟಿನಲ್ಲಿ ಬೂದು ಎಂದರೆ ಸ್ಪೀಕರು! ಹಳದಿ ಗೆರೆಯ ನೀಲಿಯನ್ನು ಕಂಡು ಇದೇ ಆಂಟೆನಾ ಇರಬೇಕೆಂದು ಸೆಟ್ಟಿನ ನೀಲಿಗೆ ಕೂಡಿಸಿದರೆ ಬ್ಯಾಟರಿಯ ಕರೆಂಟು ಸೆಟ್ಟಿನ ಹೊರದಾರಿಯಿಂದ ಒಳನುಗ್ಗುತ್ತದೆ.

ಕಂದು ಬಣ್ಣದ ಕತೆ ಇನ್ನೂ ಸ್ವಾರಸ್ಯದ್ದು. ಜರ್ಮನ್ ಕಾರುಗಳಲ್ಲೂ ಕಂದು ಎಂದರೆ ಅರ್ಥ್. ಹಲವು ಹೊಸ ಸೆಟ್ಟುಗಳಲ್ಲಿ ಕಂದು ವೈರು, ಫೋನ್ ಬಂದಾಗ ಸದ್ದಡಗಿಸುವ ಮ್ಯೂಟ್. ಅದನ್ನು ಅರ್ಥ್‌ಗೆ ತಾಗಿಸಿದರೆ ಸೆಟ್ಟು ಬಾಯಿ ಮುಚ್ಚಿಕೊಳ್ಳಬೇಕೆಂಬುದೇ ಅದರ ಏರ್ಪಾಡು. ಕಂದಿಗೆ ಕಂದು ಕೂಡಿಸಿದವರ ಕಾರಿನಲ್ಲಿ ಸೆಟ್ಟು ದೀಪಾವಳಿಯಂತೆ ಬೆಳಗುತ್ತದೆ, ಸದ್ದು ಮಾತ್ರ ಇಲ್ಲ. ಅದರ ಜೊತೆಗೆ ಕಪ್ಪು ವೈರಿಗೆ ಜೋಡಿ ಸಿಗದೆ ಹಾಗೇ ಉಳಿದಿದ್ದರೆ ಸೆಟ್ಟು ಆಂಟೆನಾ ಕೇಬಲ್ಲಿನ ಹೊರಜಾಲರಿಯನ್ನೇ ಅರ್ಥ್ ಮಾಡಿಕೊಂಡು ನಡೆಯುತ್ತಿರುತ್ತದೆ. ಆ ಜಾಲರಿ ಅಷ್ಟು ಕರೆಂಟಿಗಾಗಿ ಮಾಡಿದ್ದಲ್ಲ. ಆಂಟೆನಾದ ಪಿನ್ನು ಎಳೆದಾಗ ಸೆಟ್ಟು ಆರಿಹೋದರೆ ಅರ್ಥ್ ಕೂಡಿಸಿಲ್ಲವೆಂದೇ ತಿಳಿಯಬೇಕು.

ಆದ್ದರಿಂದ ಕಾರಿನ ಕಪ್ಲರನ್ನು ಕತ್ತರಿಸದೆ, ಆ ಕಾರಿಗೆಂದೇ ಸಿಗುವ ಹಾರ್ನೆಸ್ (ಕಾರಿನ ಕಪ್ಲರಿಗೆ ಹೊಂದುವ, ವೈರುಗಳಿರುವ ಪ್ಲಗ್ಗು) ಕೊಂಡು ಅದಕ್ಕೆ ಹೊಸ ಸೆಟ್ಟಿನ ವೈರುಗಳನ್ನು ಕೂಡಿಸುವುದು ಲೇಸು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಕೇಳಿದರೆ ಹಳೆಯ ಮಾದರಿಗಳಿಗೂ ಕೆಲವೊಮ್ಮೆ ಸಿಗುತ್ತದೆ. ಯುರೋಪಿನ ಕಾರುಗಳಲ್ಲಿ ಕಾಣುವ ಐಎಸ್‌ಒ 10487 ಮಾನಕದ ಕಪ್ಲರಿನಲ್ಲಿ ಎ ಎಂಬ ಭಾಗದ 4ನೇ ಪಿನ್ ಸದಾ ಇರುವ ಬ್ಯಾಟರಿ, 5ನೆಯದು ಆಂಟೆನಾ, 7ನೆಯದು ಆಕ್ಸೆಸರಿ, 8ನೆಯದು ಅರ್ಥ್. ಆದರೆ ಕೆಲವು ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ 4 ಮತ್ತು 7 ಅದಲುಬದಲಾಗಿರುತ್ತವೆ. ಕೀ ತೆಗೆದಾಗಲೆಲ್ಲ ಸೆಟ್ಟು ಸ್ಟೇಷನ್ನುಗಳನ್ನೂ ಗಡಿಯಾರವನ್ನೂ ಮರೆತರೆ ಇದೇ ಕಾರಣ. ಹಳದಿ ಕೆಂಪುಗಳನ್ನು ಪರಸ್ಪರ ಬದಲಾಯಿಸಿದರೆ ಸರಿಹೋಗುತ್ತದೆ.

ಅಪ್ಪಣೆಯ ವೈರನ್ನು ಹುಡುಕುವುದು

ಹಾರ್ನೆಸ್ ಸಿಗದಿದ್ದರೆ ಮಲ್ಟಿಮೀಟರೇ ಗತಿ. ಹಳೆಯ ಸೆಟ್ಟಿಗೆ ಇನ್ನೂ ಜೀವವಿದ್ದರೆ ಕೆಲಸ ಹಗುರ: ಅದನ್ನು ಕಪ್ಲರಿಗೆ ಸೇರಿಸಿಯೇ ಇಟ್ಟು, ಹಿಂದಿನಿಂದ ಒಂದೊಂದೇ ಪಿನ್ನಿಗೆ ಮೀಟರಿನ ಮೊನೆ ತಾಗಿಸುತ್ತ ಹೋಗಬೇಕು. ಕೀ ಇಲ್ಲದಿದ್ದರೂ 12 ವೋಲ್ಟ್ ತೋರಿಸುವುದು ಬ್ಯಾಟರಿ. ಕೀ ತಿರುಗಿಸಿದಾಗ ಬಂದು, ಸೆಟ್ಟು ಆರಿಸಿದರೂ ಉಳಿಯುವುದು ಆಕ್ಸೆಸರಿ. ಹೆಡ್‌ಲೈಟಿನ ಸ್ವಿಚ್ಚಿನೊಡನೆ ಬಂದು ಹೋಗುವುದು ಸೆಟ್ಟಿನ ಬೆಳಕಿನದು. ರೇಡಿಯೊ ಹಾಕಿದಾಗ ಮಾತ್ರ 12 ವೋಲ್ಟ್ ತೋರಿಸಿ, ಆರಿಸಿದಾಗ ಸೊನ್ನೆಗಿಳಿಯುವುದೇ ನಾವು ಹುಡುಕುತ್ತಿರುವುದು.

ಹಳೆಯ ಸೆಟ್ಟು ಸತ್ತಿದ್ದರೆ, ಇಲ್ಲವೇ ಕಾರು ಕೊಂಡಾಗಲೇ ಆ ಜಾಗ ಖಾಲಿಯಿದ್ದರೆ, ನಾವೇ ಅಪ್ಪಣೆ ಕೊಟ್ಟು ನೋಡಬೇಕಾಗುತ್ತದೆ. ಇದಕ್ಕೆ ನಾನು ನಂಬಿರುವುದು ಒಂದು ಚಿಕ್ಕ ಉಪಾಯವನ್ನು. ಬ್ಯಾಟರಿಯ 12 ವೋಲ್ಟನ್ನು 5 ವ್ಯಾಟಿನ ಸಣ್ಣ ಬಲ್ಬೊಂದರ ಮೂಲಕ ಹಾಯಿಸಿ, ಆ ಬಲ್ಬಿನ ಇನ್ನೊಂದು ತುದಿಯನ್ನು ಅನುಮಾನವಿರುವ ವೈರಿಗೆ ಒಂದು ಗಳಿಗೆ ತಾಗಿಸಬೇಕು. ವೈರು ಅರ್ಥ್ ಆಗಿದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಹಾನಿಯೇನಿಲ್ಲ. ಸ್ಪೀಕರಿನದಾಗಿದ್ದರೆ, ಅದರ ಇನ್ನೊಂದು ತುದಿ ಅರ್ಥ್‌ಗೆ ಸೇರಿದ್ದಲ್ಲಿ ಟಪ್ಪೆಂಬ ಸದ್ದು ಬರುತ್ತದೆ, ಇಲ್ಲದಿದ್ದರೆ ಏನೂ ಆಗುವುದಿಲ್ಲ. ಆಂಟೆನಾದ್ದಾಗಿದ್ದರೆ ಬಲ್ಬು ಉರಿದೂ ಉರಿಯದಂತಿದ್ದು ಹಿಂದಿನಿಂದ ಗುಂಯ್ ಎಂಬ ಸದ್ದು ಏಳುತ್ತದೆ. ಬಲ್ಬಿನ ನಾರು ಸುಮಾರು 0.4 ಆಂಪಿಯರಿಗಿಂತ ಹೆಚ್ಚು ಹರಿಯಗೊಡುವುದಿಲ್ಲವಾದ್ದರಿಂದ ತಪ್ಪು ಜಾಗಕ್ಕೆ ತಾಗಿದರೂ ವೈರು ಹೊಗೆಯಾಡುವುದಿಲ್ಲ. ಆದರೆ ಈ ಪರೀಕ್ಷೆ ಸೆಟ್ಟಿನ ಕಪ್ಲರಿನ ವೈರುಗಳಿಗೆ ಮಾತ್ರ. ಡ್ಯಾಶ್‌ಬೋರ್ಡಿನೊಳಗೆ ಹಳದಿ ಕೊಳವೆ ಹೊದಿಸಿದ ವೈರುಗಳೂ ಹಳದಿ ಕಪ್ಲರುಗಳೂ ಕಂಡರೆ ಅವು ಏರ್‌ಬ್ಯಾಗಿನವು. ಅವಕ್ಕೆ ಬಲ್ಬೂ ಬೇಡ, ಮೀಟರೂ ಬೇಡ.

ಕೂಡಿಸುವ ಮುನ್ನ ಹಳೆಯ ಕಂಪನಿ ಸೆಟ್ಟಿಗೆ ಕಳ್ಳತನ ತಡೆಯುವ ಕೋಡ್ ಇದೆಯೇ ನೋಡಿ ಬರೆದಿಟ್ಟುಕೊಳ್ಳಬೇಕು. ಮುಂದೊಂದು ದಿನ ಅದನ್ನೇ ಮರಳಿ ಕೂಡಿಸುವ ಮನಸ್ಸಾದರೆ ಬೇಕಾಗುತ್ತದೆ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿಯೇ ಕೆಲಸಕ್ಕಿಳಿಯಬೇಕು. ಒಂದು ಡಿನ್ ಎಂಬ ಅಳತೆಯ ಸೆಟ್ಟು 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಡಬಲ್ ಡಿನ್‌ನ ಎತ್ತರ ಅದರ ಎರಡರಷ್ಟು. 90ರ ದಶಕದ ಹಲವು ಕಾರುಗಳಲ್ಲಿ ಮೊದಲನೆಯದಕ್ಕೆ ಮಾತ್ರ ಜಾಗವಿರುತ್ತದೆ. ವೈರಿಗೆ ವೈರು ಹೊಸೆದು ಇನ್ಸುಲೇಷನ್ ಟೇಪು ಸುತ್ತುವುದು ನಮ್ಮಲ್ಲಿ ರೂಢಿಯಾದರೂ ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡಿನೊಳಗೆ ಟೇಪಿನ ಅಂಟು ಕರಗಿ ಸುತ್ತು ಸಡಿಲವಾಗುತ್ತದೆ. ಬೆಸುಗೆ ಹಾಕಿ, ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್‌ಶ್ರಿಂಕ್ ಕೊಳವೆ ಏರಿಸುವುದಕ್ಕೆ ಅರ್ಧ ಗಂಟೆ ಹೆಚ್ಚು ಹಿಡಿದೀತು, ಆ ಅರ್ಧ ಗಂಟೆ ಕೊಡುವುದು ಮೇಲು.

ರಿಲೇ ಬೇಕಾಗುವುದು ಯಾವಾಗ

ಒಳಗೇ ರಿಲೇ ಇರುವ ಮೂರು ವೈರಿನ ಆಂಟೆನಾಕ್ಕೆ ಹೊರಗಿನಿಂದ ರಿಲೇ ಬೇಕಿಲ್ಲ. ನೀಲಿ ವೈರು ಅಪ್ಪಣೆಯ ವೈರಿಗೆ ನೇರ ಸೇರುತ್ತದೆ. ಆದರೆ ಸೆಟ್ಟಿನ ಮಿತಿ 100 ಮಿಲಿಆಂಪಿಯರ್ ಆಗಿದ್ದರೆ, ಅಥವಾ ಒಂದೇ ನೀಲಿ ವೈರು ಆಂಟೆನಾವನ್ನೂ ಆಂಪ್ಲಿಫೈಯರನ್ನೂ ಎಬ್ಬಿಸಬೇಕಾಗಿದ್ದರೆ, ನಡುವೆ ಒಂದು ರಿಲೇ ಇಡುವುದು ಕ್ಷೇಮ. ನಮ್ಮ ಆಟೊ ಎಲೆಕ್ಟ್ರಿಷಿಯನ್ನರಿಗೆ ಬಾಯಿಪಾಠವಾಗಿರುವ 30, 85, 86, 87 ಎಂಬ ಪಿನ್ ಸಂಖ್ಯೆಗಳು ಜರ್ಮನಿಯ ಡಿನ್ 72552 ಮಾನಕದಿಂದ ಬಂದವು. ನೀಲಿ ವೈರು 86ಕ್ಕೆ, ಅರ್ಥ್ 85ಕ್ಕೆ, ಬ್ಯಾಟರಿಯಿಂದ ಫ್ಯೂಸಿನ ಮೂಲಕ ಬಂದ 12 ವೋಲ್ಟ್ 30ಕ್ಕೆ. 87ರಿಂದ ಆಂಟೆನಾದ ಅಪ್ಪಣೆಯ ವೈರಿಗೂ ಆಂಪ್ಲಿಫೈಯರಿಗೂ ಕವಲು. ಈಗ ಸೆಟ್ಟು ಹೊರಬೇಕಾದದ್ದು ರಿಲೇಯೊಳಗಿನ ತಂತಿಯ ಸುರುಳಿಯ, ಅಂದರೆ ಕಾಯಿಲಿನ, ಭಾರವನ್ನು ಮಾತ್ರ.

ಅದೂ ಎಷ್ಟು ಭಾರ ಎಂದು ಲೆಕ್ಕ ಹಾಕಬೇಕು. ಕಾರಿನ ಸಾಮಾನ್ಯ ರಿಲೇಯ ಕಾಯಿಲು 80ರಿಂದ 100 ಓಮ್ ಇರುತ್ತದೆ. 12 ವೋಲ್ಟನ್ನು 80ರಿಂದ ಭಾಗಿಸಿದರೆ 150 ಮಿಲಿಆಂಪಿಯರ್. ಎಂಜಿನ್ನು ಓಡುವಾಗ 14 ವೋಲ್ಟಿಗೆ ಇನ್ನೂ ತುಸು ಹೆಚ್ಚು. 300ರ ಸೆಟ್ಟಿಗೆ ಇದು ಲೆಕ್ಕಕ್ಕಿಲ್ಲ, 100ರ ಸೆಟ್ಟಿಗೆ ರಿಲೇಯೇ ಹೊರೆ. ಅಂಥಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ, ಬೆಂಗಳೂರಿನಲ್ಲಾದರೆ ಎಸ್.ಪಿ. ರಸ್ತೆಯಲ್ಲಿ, ಸಿಗುವ ಸಕ್ಕರೆ ಅಚ್ಚಿನಷ್ಟು ಗಾತ್ರದ 12 ವೋಲ್ಟ್ ರಿಲೇ ಸಾಕು. ಅದರ ಕಾಯಿಲು ಸುಮಾರು 400 ಓಮ್, ಎಳೆಯುವುದು 30 ಮಿಲಿಆಂಪಿಯರ್. ಯಾವ ರಿಲೇ ಆದರೂ ಕಾಯಿಲಿಗೆ ಅಡ್ಡಲಾಗಿ, ಗೆರೆಯಿರುವ ತುದಿ ಪಾಸಿಟಿವ್ ಕಡೆಗೆ ಬರುವಂತೆ, ಕರೆಂಟನ್ನು ಒಂದೇ ದಿಕ್ಕಿಗೆ ಹಾಯಗೊಡುವ 1ಎನ್4007 ಡಯೋಡೊಂದನ್ನು ಬೆಸೆಯಬೇಕು. ಅಪ್ಪಣೆ ನಿಂತ ಕ್ಷಣ ಕಾಯಿಲು ಹಿಂದಕ್ಕೆ ಎಸೆಯುವ ವೋಲ್ಟೇಜಿನ ಹೊಡೆತವನ್ನು ಅದು ತಾನು ನುಂಗಿ ಸೆಟ್ಟನ್ನು ಕಾಯುತ್ತದೆ.

ಎರಡೇ ವೈರಿರುವ ಆಂಟೆನಾ ಬೇರೆ ಜಾತಿಯದು. ಅದರಲ್ಲಿ ಬರೀ ಮೋಟಾರಿದ್ದು, ಡ್ಯಾಶ್‌ಬೋರ್ಡಿನ ಸ್ವಿಚ್ಚು ಒತ್ತಿ ಹಿಡಿದಾಗ ಒಂದು ದಿಕ್ಕಿಗೂ ಇನ್ನೊಂದು ಕಡೆ ಒತ್ತಿದಾಗ ವಿರುದ್ಧ ದಿಕ್ಕಿಗೂ ತಿರುಗುತ್ತದೆ, ಪವರ್ ವಿಂಡೊ ಹಾಗೆ. ರಿಲೇಗಳಿಂದ ಪೋಲಾರಿಟಿ (ಪಾಸಿಟಿವ್, ನೆಗೆಟಿವ್) ತಿರುಗಿಸಬಹುದು ನಿಜ. ಆದರೆ ನೀಲಿ ವೈರಿನ ಅಪ್ಪಣೆ ರೇಡಿಯೊ ಇರುವಷ್ಟು ಹೊತ್ತೂ ಇರುವುದರಿಂದ ಕಡ್ಡಿ ತುದಿ ಮುಟ್ಟಿದ ಮೇಲೂ ಮೋಟಾರು ಒದ್ದಾಡುತ್ತಲೇ ಇರುತ್ತದೆ. ಟೈಮರು ಕಟ್ಟುವ ಹುಮ್ಮಸ್ಸಿಲ್ಲದವರು ಸ್ವಿಚ್ಚನ್ನು ಹಾಗೇ ಉಳಿಸಿಕೊಂಡು ನೀಲಿ ವೈರನ್ನು ಮುಚ್ಚಿಡುವುದು ಜಾಣತನ.

ಕಡ್ಡಿಯ ಆರೈಕೆ

ವೈರಿಂಗ್ ಎಲ್ಲ ಸರಿಯಿದ್ದೂ ಮೋಟಾರು ತಿರುಗುವ ಸದ್ದು ಕೇಳಿಸಿ ಕಡ್ಡಿ ಅಲುಗದಿದ್ದರೆ ಒಳಗಿನ ನೈಲಾನ್ ಎಳೆ ತುಂಡಾಗಿದೆ ಅಥವಾ ಹಲ್ಲು ಸವೆದಿದೆ. ಇದಕ್ಕೆ ಇಡೀ ಆಂಟೆನಾ ಬದಲಾಯಿಸಬೇಕಿಲ್ಲ. ಹಲವು ಮಾದರಿಗಳಿಗೆ ಎಳೆ ಸಮೇತ ಕಡ್ಡಿ ಬಿಡಿಯಾಗಿ ಸಿಗುತ್ತದೆ. ಫೆಂಡರಿನ ಮೇಲಿನ ನಟ್ಟನ್ನು ಬಿಚ್ಚಿ ಒಬ್ಬರು ಕಡ್ಡಿ ಹಿಡಿದು ನಿಲ್ಲಬೇಕು, ಇನ್ನೊಬ್ಬರು ಒಳಗೆ ಕೂತು ರೇಡಿಯೊ ಹಾಕಬೇಕು. ಮೋಟಾರೇ ಹಳೆಯ ಕಡ್ಡಿಯನ್ನು ಎಳೆಯ ಸಮೇತ ಹೊರಗೆ ತಳ್ಳುತ್ತದೆ. ಬಂದ ಎಳೆಯನ್ನು ಹೊಸದರ ಪಕ್ಕದಲ್ಲಿಟ್ಟು ಉದ್ದ ಹೋಲಿಸಿ ನೋಡಬೇಕು. ಗಿಡ್ಡವಿದ್ದರೆ ತುಂಡು ಡಬ್ಬಿಯೊಳಗೇ ಉಳಿದಿದೆ, ಅದನ್ನು ಬಿಚ್ಚದೆ ದಾರಿಯಿಲ್ಲ. ಬಳಿಕ ಹೊಸ ಎಳೆಯನ್ನು, ಹಲ್ಲುಗಳು ಗೇರಿನ ಕಡೆಗಿರುವಂತೆ, ಕೊಳವೆಯೊಳಗೆ ಇಳಿಸಿ ತಳ ತಾಗುವವರೆಗೆ ತಳ್ಳಬೇಕು. ಈಗ ರೇಡಿಯೊ ಆರಿಸಿದರೆ ಗೇರು ಎಳೆಯನ್ನು ಕಚ್ಚಿ ಸರಸರ ಒಳಗೆಳೆದುಕೊಳ್ಳುತ್ತದೆ. ಕೈಯಲ್ಲಿ ಹಿಡಿದ ಎಳೆ ಹಾಗೆ ಜಗ್ಗಿಕೊಳ್ಳುವಾಗ ಗಾಳಿಪಟದ ದಾರ ನೆನಪಾಗುತ್ತದೆ. ಕಡ್ಡಿ ಬಾಗದಂತೆ ನೆಟ್ಟಗೆ ಹಿಡಿದಿದ್ದರೆ ಸಾಕು. ಮೊದಲ ಸಲ ಪೂರ್ತಿ ಇಳಿಯದೆ ನಾಲ್ಕು ಬೆರಳು ಉಳಿದರೆ ಗಾಬರಿ ಬೇಡ, ಇನ್ನೊಮ್ಮೆ ಏರಿಸಿ ಇಳಿಸಿದರೆ ಸಾಮಾನ್ಯವಾಗಿ ಜಾಗಕ್ಕೆ ಕೂರುತ್ತದೆ.

ಕಡ್ಡಿಗೆ ಗ್ರೀಸ್ ಹಚ್ಚುವುದು ಒಳ್ಳೆಯ ಮನಸ್ಸಿನಿಂದ ಮಾಡುವ ಕೆಟ್ಟ ಕೆಲಸ. ಅದು ದೂಳು ಹಿಡಿದು ಕಡ್ಡಿಯ ಹಂತಗಳ ನಡುವೆ ಕೆಸರಾಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಎರಡು ತೊಟ್ಟು ಸವರಿ, ಅದನ್ನೂ ಒರೆಸಿಬಿಡಬೇಕು. ಉಪ್ಪು ಗಾಳಿಯ ಮಂಗಳೂರು, ಕಾರವಾರಗಳ ಕಡೆ ಹೆಚ್ಚು ಸಲ. ಡಬ್ಬಿಯ ಕೆಳಗೆ ಮಳೆನೀರು ಹೊರಹೋಗುವ ರಬ್ಬರ್ ನಳಿಕೆಯೊಂದಿರುತ್ತದೆ. ಅದು ಕಟ್ಟಿಕೊಂಡರೆ ಕಡ್ಡಿಗುಂಟ ಇಳಿದ ನೀರು ಮೋಟಾರಿನಲ್ಲೇ ನಿಲ್ಲುತ್ತದೆ.

ಏಳುವ ಕಡ್ಡಿಯೇ ಇಲ್ಲದ ಕಾರಿನಲ್ಲೂ ನೀಲಿ ವೈರಿಗೆ ಕೆಲಸ ತಪ್ಪಿದ್ದಲ್ಲ. ಈಗಿನ ಅನೇಕ ಕಾರುಗಳ ಚಾವಣಿಯ ಗಿಡ್ಡ ಆಂಟೆನಾದಲ್ಲೋ ಹಿಂದಿನ ಗಾಜಿನಲ್ಲಿ ಎಳೆದ ಗೆರೆಗಳ ಬದಿಯಲ್ಲೋ ಸಂಕೇತವನ್ನು ಹಿಗ್ಗಿಸುವ ಬೂಸ್ಟರ್ ಇರುತ್ತದೆ, ಅದಕ್ಕೆ 12 ವೋಲ್ಟ್ ಹೋಗುವುದು ಇದೇ ವೈರಿನಿಂದ. ಯುರೋಪಿನ ಹಲವು ಕಾರುಗಳಲ್ಲಿ ಆ 12 ವೋಲ್ಟ್ ಆಂಟೆನಾ ಕೇಬಲ್ಲಿನೊಳಗಿಂದಲೇ ಹೋಗಬೇಕಾಗುತ್ತದೆ. ಅಂಥದಕ್ಕೆ ಸಿಗುವ ಅಡಾಪ್ಟರಿಗೆ ಪಕ್ಕದಿಂದ ಒಂದು ನೀಲಿ ಬಾಲವಿರುತ್ತದೆ, ಅದನ್ನು ಸೆಟ್ಟಿನ ನೀಲಿಗೆ ಕೂಡಿಸಬೇಕು. ಹೊಸ ಸೆಟ್ಟು ಹಾಕಿದ ಮೇಲೆ ಎಫ್‌ಎಂ ಹಾಳಾಯಿತೆಂದು ಗೊಣಗುವವರು ಸೆಟ್ಟನ್ನು ಬೈಯುವ ಮೊದಲು ಆ ಬಾಲ ಎಲ್ಲಿದೆಯೆಂದು ನೋಡಬಹುದು.

ಸೆಟ್ಟನ್ನು ಒಳಗೆ ತಳ್ಳಿ ಪ್ಯಾನೆಲ್ ಮುಚ್ಚುವ ಮುನ್ನ ಬ್ಯಾಟರಿ ಸೇರಿಸಿ ಎಲ್ಲವನ್ನೂ ಒಮ್ಮೆ ನಡೆಸಿ ನೋಡಬೇಕು: ಕೀ ತಿರುಗಿಸಿ ರೇಡಿಯೊ ಹಾಕಿದರೆ ಕಡ್ಡಿ ಏರಬೇಕು, ಬ್ಲೂಟೂತಿಗೆ ಹೋದರೆ ನೀವು ಬಯಸಿದಂತೆ ಇಳಿಯಬೇಕು ಅಥವಾ ನಿಲ್ಲಬೇಕು, ರೇಡಿಯೊ ಹಾಡುತ್ತಿರುವಾಗಲೇ ಕೀ ತೆಗೆದರೆ ಪೂರ್ತಿ ಇಳಿಯಬೇಕು. ಎಂಜಿನ್ನು ಸ್ಟಾರ್ಟ್ ಮಾಡುವಾಗ ಕಡ್ಡಿ ತುಸು ಇಳಿದು ಮತ್ತೆ ಏರಿದರೆ ಅದು ದೋಷವಲ್ಲ. ಸ್ಟಾರ್ಟರು ತಿರುಗುವ ಆ ಎರಡು ಸೆಕೆಂಡು ಕೀ ಆಕ್ಸೆಸರಿಯ ಕರೆಂಟನ್ನು ಕಡಿಯುತ್ತದೆ, ಸೆಟ್ಟು ಆರುತ್ತದೆ, ನೀಲಿ ವೈರು ಸುಮ್ಮನಾಗುತ್ತದೆ. ಕೀ ತೆಗೆದು ಕಡ್ಡಿ ಇಳಿದ ಮೇಲೆ ಡಿಕ್ಕಿಯ ಪಕ್ಕದಲ್ಲಿ ಕಿವಿಯಿಟ್ಟು ಮೋಟಾರು ನಿಂತದ್ದನ್ನು ಖಚಿತ ಮಾಡಿಕೊಂಡು ಹೊದಿಕೆಯ ಸ್ಕ್ರೂ ಬಿಗಿಯಬಹುದು.